‘ಕನ್ಸೆಷನ್ ಇಲ್ಲ’ ಅಂದದ್ದು ಯಾವುದಕ್ಕೆ? ಒಂದು ಟಿಕೆಟ್ ಕೌಂಟರಿನ ಪ್ರಕರಣ

ಬೆಂಗಳೂರಿನಿಂದ ಕೊಪ್ಪಳಕ್ಕೆ ಇಬ್ಬರ ಟಿಕೆಟ್. ಒಬ್ಬರು ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಚೆಕಪ್‌ಗೆ ಬಂದಿದ್ದ 62 ವರ್ಷದ ತಾಯಿ. ಇನ್ನೊಬ್ಬರು ಜೊತೆಗೆ ಬಂದಿದ್ದ ಮಗಳು. ಟಿಕೆಟ್ ಮಾಡಿಸಲು ಹೋದದ್ದು ಬೆಂಗಳೂರಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ಮಗ. ಮೊದಲ ಸಂಜೆ ಎರಡು ಸ್ಲೀಪರ್ ಟಿಕೆಟ್‌ಗೆ ಆತ ಕೊಟ್ಟದ್ದು 640 ರೂಪಾಯಿ. ಆಮೇಲೆ ಅದನ್ನು ಕ್ಯಾನ್ಸಲ್ ಮಾಡಿಸಿದ, 240 ರೂಪಾಯಿ ಕಳೆದುಕೊಂಡ, ಅದೇ ರೈಲಿನ ಥರ್ಡ್ ಎಸಿಯಲ್ಲಿ ಇಬ್ಬರಿಗೂ ಬರ್ತ್ ಮಾಡಿಸಿದ. ಕಳೆದುಕೊಂಡದ್ದನ್ನೂ ಸೇರಿಸಿ ಲೆಕ್ಕ ಹಾಕಿದರೆ ಖರ್ಚು 640ಕ್ಕಿಂತ ಕಡಿಮೆ!

ಓದಿದವರಿಗೆ ಲೆಕ್ಕ ತಪ್ಪಿದೆ ಅನ್ನಿಸಬಹುದು. ತಪ್ಪಿಲ್ಲ. ಆದರೆ ಆ ಲೆಕ್ಕಕ್ಕೆ ಬರುವ ಮುಂಚೆ ಕೌಂಟರಿನಲ್ಲಿ ಏನು ನಡೆಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸುಲಭವಾಗಲಿ ಅಂತ ದರಗಳನ್ನು ರೌಂಡ್ ಮಾಡಿದ್ದೇನೆ: ಸ್ಲೀಪರಿನ ಮೂಲ ದರ 300, ಥರ್ಡ್ ಎಸಿಯ ಮೂಲ ದರ 800 ಅಂತ ಇಟ್ಟುಕೊಳ್ಳೋಣ. ಮೀಸಲಾತಿ ಶುಲ್ಕ, ರದ್ದತಿ ಶುಲ್ಕ, ರಿಯಾಯಿತಿಯ ಶೇಕಡಾವಾರು ಇವೆಲ್ಲ ರೈಲ್ವೆಯ ನಿಯಮದಲ್ಲಿ ಇರುವಂಥವೇ. ನಿಲ್ದಾಣ, ಆಸ್ಪತ್ರೆ, ಕುಟುಂಬ ಯಾವುದರ ಹೆಸರೂ ಇಲ್ಲಿ ಬೇಡ.

ಬಸ್ಸು ಫ್ರೀ ಇತ್ತಲ್ಲ?

ಕರ್ನಾಟಕದಲ್ಲಿ ಯಾರಿಗಾದರೂ ಮೊದಲು ಬರುವ ಪ್ರಶ್ನೆ ಇದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್‌ನಲ್ಲಿ ಟಿಕೆಟ್ ಇಲ್ಲ. ಅಮ್ಮ, ಮಗಳು ಇಬ್ಬರೂ ಒಂದು ಪೈಸೆ ಕೊಡದೆ ಕೊಪ್ಪಳ ತಲುಪಬಹುದಿತ್ತು. ಮೊದಲೊಮ್ಮೆ ಹಾಗೇ ಹೋಗಿದ್ದರು ಕೂಡ. ಆದರೆ ಫ್ರೀ ಇರುವುದು ಕೂತು ಹೋಗುವ ಬಸ್ಸಿಗೆ. ಸ್ಲೀಪರ್ ಬಸ್, ಎಸಿ ಬಸ್ ಈ ಯೋಜನೆಯಲ್ಲಿ ಬರುವುದಿಲ್ಲ. ಚಿಕಿತ್ಸೆ ಆದ ಮೈಗೆ ರಾತ್ರಿಯಿಡೀ ಕೂತು ಹೋಗುವುದು ಆಗದ ಮಾತು. ಪದೇ ಪದೇ ಬಾತ್‌ರೂಮಿಗೆ ಹೋಗಬೇಕು ಅನ್ನುವವರಿಗೆ ಬಸ್ಸಿನ ಡ್ರೈವರನ್ನು ಕೇಳಿಕೊಳ್ಳುವ ಸಂಕಟ ಬೇರೆ. ಹಾಗಾಗಿ ರೈಲೇ ಆಗಬೇಕು, ಮಲಗಿಕೊಂಡೇ ಹೋಗಬೇಕು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಗುಂತಕಲ್, ಬಳ್ಳಾರಿ, ಹೊಸಪೇಟೆ ಮೇಲೆ ಬೆಳಿಗ್ಗೆ ಕೊಪ್ಪಳ ಮುಟ್ಟಿಸುತ್ತದೆ. ಅವರಿಗೆ ಅದೇ ಅನುಕೂಲ.

ಎರಡು ಕೆಲಸದ ಒಂದು ಕಿಟಕಿ

ಮಗ ಹೋದದ್ದು ರೂಮಿನ ಹತ್ತಿರದ ಸಣ್ಣ ನಿಲ್ದಾಣಕ್ಕೆ. ದೊಡ್ಡ ನಿಲ್ದಾಣಗಳಲ್ಲಿ ರಿಸರ್ವೇಷನ್‌ಗೆ ಬೇರೆ ಕಟ್ಟಡ ಅಥವಾ ಬೇರೆ ಹಾಲ್ ಇರುತ್ತದೆ, ಜನರಲ್ ಟಿಕೆಟ್‌ಗೆ ಬೇರೆ ಸಾಲು. ನಗರದೊಳಗಿನ ಸಣ್ಣ ನಿಲ್ದಾಣಗಳಲ್ಲಿ ಆ ಭಾಗ್ಯ ಇಲ್ಲ. ಅಲ್ಲಿ ಯುಟಿಎಸ್ ಮತ್ತು ಪಿಆರ್‌ಎಸ್ ಎರಡೂ ಒಂದೇ ಕಿಟಕಿಯಲ್ಲಿ. ಯುಟಿಎಸ್ ಅಂದರೆ ಕಾಯ್ದಿರಿಸದ ಟಿಕೆಟ್, ಪಿಆರ್‌ಎಸ್ ಅಂದರೆ ರಿಸರ್ವೇಷನ್. ಒಬ್ಬರೇ ಕ್ಲರ್ಕ್, ಒಂದೇ ಕಂಪ್ಯೂಟರ್, ಎರಡು ಕೆಲಸ.

ಇದರ ಪರಿಣಾಮ ಸಾಲಿನಲ್ಲಿ ನಿಂತವರಿಗೆ ಗೊತ್ತು. ಜನರಲ್ ಟಿಕೆಟ್ ಕೊಡಲು ಅರ್ಧ ನಿಮಿಷ ಸಾಕು. ಊರಿನ ಹೆಸರು ಹೇಳು, ದುಡ್ಡು ಕೊಡು, ಚಿಲ್ಲರೆ ತಗೋ. ರಿಸರ್ವೇಷನ್ ಹಾಗಲ್ಲ. ಫಾರಂ ಓದಬೇಕು, ಹೆಸರು ವಯಸ್ಸು ಟೈಪ್ ಮಾಡಬೇಕು, ಬರ್ತ್ ಇದೆಯಾ ನೋಡಬೇಕು, ಇಲ್ಲದಿದ್ದರೆ ಬೇರೆ ತಾರೀಕು ಕೇಳಬೇಕು. ರಿಯಾಯಿತಿ ಇದ್ದರೆ ಅದರ ಕಾಗದವನ್ನೂ ಓದಬೇಕು. ಅಷ್ಟರಲ್ಲಿ ಮೆಮು ರೈಲು, ಅಂದರೆ ಹತ್ತಿರದ ಊರುಗಳಿಗೆ ಓಡುವ ಲೋಕಲ್ ಗಾಡಿ, ಬರುವ ಹೊತ್ತಾಗಿರುತ್ತದೆ. ಹಿಂದಿನಿಂದ ‘ಬೇಗ ಬೇಗ ಸರ್, ಗಾಡಿ ಬಂತು’ ಅನ್ನುವ ಕೂಗು. ಮುಂದೆ ನಿಂತವನಿಗೆ ಎರಡನೇ ಪ್ರಶ್ನೆ ಕೇಳಲು ಬಾಯೇ ಬರುವುದಿಲ್ಲ.

ಇನ್ನೊಂದು ತೊಡಕು ಸಮಯದ್ದು. ರಿಸರ್ವೇಷನ್ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಭಾನುವಾರ ಮಧ್ಯಾಹ್ನ 2ರವರೆಗೆ. ಕಿಟಕಿ ಮಾತ್ರ ಆಮೇಲೂ ತೆರೆದೇ ಇರುತ್ತದೆ, ಜನರಲ್ ಟಿಕೆಟ್‌ಗೆ. 8 ಗಂಟೆ ಆದಮೇಲೆ ಅದೇ ಕ್ಲರ್ಕ್ ಒಬ್ಬರಿಗೆ ಟಿಕೆಟ್ ಕೊಟ್ಟು ಇನ್ನೊಬ್ಬರಿಗೆ ‘ನಾಳೆ ಬನ್ನಿ’ ಅಂದಾಗ, ಬೇಕಂತಲೇ ಸತಾಯಿಸುತ್ತಿದ್ದಾರೆ ಅನ್ನಿಸುವುದು ಸಹಜ. ಗ್ಯಾರೇಜಿನ ಕೆಲಸ ಮುಗಿಸಿ ಓಡಿ ಬಂದ ಈ ಹುಡುಗ ಕಿಟಕಿ ಮುಟ್ಟಿದ್ದು ಎಂಟಕ್ಕೆ ಸ್ವಲ್ಪ ಮುಂಚೆ. ಅವನ ಕಣ್ಣು ಪೂರ್ತಿ ಗಡಿಯಾರದ ಮೇಲೆ.

ಕೇಳಿದ್ದು ಒಂದು, ಬೇಕಿದ್ದದ್ದು ಇನ್ನೊಂದು

ಇಡೀ ಪ್ರಕರಣ ತಿರುಗಿದ್ದು ಎರಡು ಸಾಲಿನ ಮಾತಿನಲ್ಲಿ.

‘ಸರ್, ನಮ್ಮವ್ವಗ ಅರವತ್ತೆರಡು ಆಗೇತ್ರಿ. ಕನ್ಸೆಷನ್ ಏನರ ಐತೇನ್ರಿ?’

‘ಇಲ್ಲಪ್ಪ, ಅದು 2020ರಲ್ಲೇ ನಿಂತೋಯ್ತು.’

ಕ್ಲರ್ಕ್ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ, ಅಂದರೆ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50, ಕೋವಿಡ್ ಹೊತ್ತಲ್ಲಿ 2020ರ ಮಾರ್ಚ್ 20ರಿಂದ ನಿಂತಿತು. ಆಗ ಉಳಿಸಿಕೊಂಡದ್ದು ಮೂರು ಗುಂಪು ಮಾತ್ರ: ನಾಲ್ಕು ಬಗೆಯ ಅಂಗವಿಕಲರು, 11 ಬಗೆಯ ರೋಗಿಗಳು, ವಿದ್ಯಾರ್ಥಿಗಳು. ಹುಡುಗ ವಯಸ್ಸು ಹೇಳಿ ಕೇಳಿದ, ವಯಸ್ಸಿನದಕ್ಕೆ ಉತ್ತರ ಬಂತು. ಅವನ ಕಿವಿಗೆ ಬಿದ್ದದ್ದು ‘ಯಾವ ಕನ್ಸೆಷನ್ನೂ ಇಲ್ಲ’ ಅಂತ. ಕಾಯಿಲೆಯ ಮಾತು ಅವನು ಎತ್ತಲೇ ಇಲ್ಲ. ಯಾಕೆ ಎತ್ತುತ್ತಾನೆ? ಕ್ಯಾನ್ಸರ್ ಅನ್ನುವ ಪದವನ್ನು ಗುರುತಿಲ್ಲದ ಹತ್ತು ಜನರ ನಡುವೆ ಗಾಜಿನ ತೂತಿನೊಳಗೆ ಕೂಗಿ ಹೇಳಬೇಕು. ಬಹಳ ಮನೆಗಳಲ್ಲಿ ಆ ಪದವನ್ನು ಮನೆಯೊಳಗೇ ಜೋರಾಗಿ ಹೇಳುವುದಿಲ್ಲ.

ನನ್ನ ಪ್ರಕಾರ ಇಲ್ಲಿ ತಪ್ಪು ಕ್ಲರ್ಕಿನದ್ದೂ ಅಲ್ಲ, ಹುಡುಗನದ್ದೂ ಅಲ್ಲ. ಯಾವುದು ನಿಂತಿದೆ, ಯಾವುದು ಉಳಿದಿದೆ ಅಂತ ಕನ್ನಡದಲ್ಲಿ ಬರೆದ ಒಂದು ಹಾಳೆ ಆ ಗಾಜಿಗೆ ಅಂಟಿಸಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಅಂಟಿಸಿದ್ದು ‘ಸರಿಯಾದ ಚಿಲ್ಲರೆ ಕೊಡಿ’ ಅನ್ನುವುದು ಮಾತ್ರ.

ಸರಿ, ಎರಡು ಸ್ಲೀಪರ್ ಟಿಕೆಟ್ ಆಯಿತು. ಒಂದಕ್ಕೆ ಮೂಲ ದರ 300, ಮೀಸಲಾತಿ ಶುಲ್ಕ 20. ಎರಡಕ್ಕೆ 640. ಬರ್ತ್ ಕನ್ಫರ್ಮ್, ತಾಯಿಗೆ ಲೋಯರ್ ಕೂಡ ಸಿಕ್ಕಿತು. ವಯಸ್ಸಿನ ರಿಯಾಯಿತಿ ಹೋಗಿದ್ದರೂ ವಯಸ್ಸಿಗೆ ಲೋಯರ್ ಬರ್ತ್ ಕೊಡುವ ವ್ಯವಸ್ಥೆ ಹೋಗಿಲ್ಲ. 45 ದಾಟಿದ ಹೆಂಗಸರಿಗೆ, ಬರ್ತ್ ಖಾಲಿ ಇದ್ದರೆ, ಕೇಳದಿದ್ದರೂ ಸಿಸ್ಟಮ್ಮೇ ಲೋಯರ್ ಕೊಡಲು ನೋಡುತ್ತದೆ. ಫಾರಂನಲ್ಲಿ ವಯಸ್ಸು ಸರಿಯಾಗಿ ಬರೆಯಬೇಕು, ಅಷ್ಟೇ.

ಆಸ್ಪತ್ರೆಯ ಪತ್ರ

ಮಾರನೇ ದಿನ ಆಸ್ಪತ್ರೆಯ ವರಾಂಡದಲ್ಲಿ ಪಕ್ಕದಲ್ಲಿ ಕೂತಿದ್ದವರೊಬ್ಬರು ಮಗಳಿಗೆ ಹೇಳಿದರು: ‘ರೈಲ್ವೆ ಫಾರಂ ಬರೆಸ್ಕೊಂಡ್ರಾ ಅಕ್ಕ? ಬರೆಸ್ಕೊಳಿ, ಅಮ್ಮಂಗೆ ಫ್ರೀ.’ ಈ ಮಾಹಿತಿ ಹೀಗೆ ಬಾಯಿಂದ ಬಾಯಿಗೇ ಹೋಗುವುದು. ವೈದ್ಯಕೀಯ ಸಮಾಜ ಕಾರ್ಯಕರ್ತರ ಕೋಣೆಯಲ್ಲಿ ಕೇಳಿದರೆ ಫಾರಂ ಇತ್ತು. ಅದನ್ನು ತುಂಬಿ, ಡಾಕ್ಟರ ಸಹಿ, ಆಸ್ಪತ್ರೆಯ ಸೀಲು ಹಾಕಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಪತ್ರ ಕೈಗೆ ಬಂತು.

ಹುಡುಗ ಮೊದಲು ಮೊಬೈಲಿನಲ್ಲಿ ನೋಡಿದ. ಸುಮ್ನೆ ಸಾಲಲ್ಲಿ ಯಾಕೆ ನಿಲ್ಲೋದು, ಅಲ್ವಾ? ಆದರೆ ರೈಲ್ವೆಯ ಆನ್‌ಲೈನ್ ಬುಕಿಂಗ್ ಐಆರ್‌ಸಿಟಿಸಿಯಲ್ಲಿ ರೋಗಿಗಳ ರಿಯಾಯಿತಿ ಬರುವುದಿಲ್ಲ. ರೈಲ್ವೆಯ ಗುರುತಿನ ಚೀಟಿ ಇರುವ ಅಂಗವಿಕಲರು ಅಲ್ಲಿ ಬುಕ್ ಮಾಡಬಹುದು, ರೋಗಿಗಳು ಕೌಂಟರಿಗೇ ಹೋಗಬೇಕು. ಆರೋಗ್ಯವಾಗಿ ಇರುವವರೆಲ್ಲ ಮನೆಯಲ್ಲೇ ಕೂತು ಟಿಕೆಟ್ ಮಾಡುತ್ತಾರೆ, ಕಾಯಿಲೆ ಇರುವ ಮನೆಯವರು ಸಾಲಲ್ಲಿ ನಿಲ್ಲುತ್ತಾರೆ. ಕಾಗದವನ್ನು ಕಣ್ಣಾರೆ ನೋಡಬೇಕು ಅನ್ನುವ ಕಾರಣ ನನಗೆ ಅರ್ಥವಾಗುತ್ತದೆ. ಅದಕ್ಕಾಗಿ ಪ್ರತಿ ಸಲವೂ ನಿಲ್ಲಿಸಬೇಕು ಅನ್ನುವುದು ಅರ್ಥವಾಗುವುದಿಲ್ಲ.

ಥರ್ಡ್ ಎಸಿಯ ಲೆಕ್ಕ

ಅದರ ಮರುದಿನ ಬೆಳಿಗ್ಗೆ ಅದೇ ಕಿಟಕಿ. ಈ ಸಲ ಪಾಳಿಯಲ್ಲಿ ಇದ್ದವರು ಒಬ್ಬ ಮಹಿಳಾ ಕ್ಲರ್ಕ್. ಮೆಮು ಹೋಗಿ ಸಾಲು ಕರಗಿದ ಹೊತ್ತು. ಹುಡುಗ ಪತ್ರ, ಹಳೆಯ ಟಿಕೆಟ್ ಎರಡನ್ನೂ ಒಳಗೆ ತಳ್ಳಿ, ‘ಮೇಡಂ, ಇದಕ್ಕ ಕನ್ಸೆಷನ್ ಸೇರಿಸಿಕೊಡ್ರಿ’ ಅಂದ. ಪ್ರಿಂಟ್ ಆದ ಟಿಕೆಟ್‌ಗೆ ರಿಯಾಯಿತಿ ಸೇರಿಸಲು ಬರುವುದಿಲ್ಲ. ರೈಲು ಹತ್ತಿದ ಮೇಲೆ ಟಿಟಿಇ ಹತ್ತಿರ ಪತ್ರ ತೋರಿಸಿದರೂ ಆಗುವುದಿಲ್ಲ. ಕ್ಯಾನ್ಸಲ್ ಮಾಡಿ ಹೊಸದು ಮಾಡಿಸಬೇಕು. ಆಗಿನ ನಿಯಮದಲ್ಲಿ ಹೊರಡಲು 48 ಗಂಟೆಗಿಂತ ಜಾಸ್ತಿ ಇದ್ದರೆ ಕನ್ಫರ್ಮ್ ಸ್ಲೀಪರಿಗೆ ತಲಾ 120 ರೂಪಾಯಿ ಮುರಿದುಕೊಳ್ಳುತ್ತಿದ್ದರು. ಇಬ್ಬರಿಗೆ 240.

ಅವರು ಮೊದಲು ಸ್ಲೀಪರ್ ನೋಡಿದರು. ಅಷ್ಟರಲ್ಲಿ ವೇಟಿಂಗ್ ಲಿಸ್ಟಿಗೆ ಹೋಗಿತ್ತು. ಇದು ಇಡೀ ವ್ಯವಹಾರದ ಅತಿ ಅಪಾಯದ ಕ್ಷಣ. ಅವಸರದಲ್ಲಿ ಹಳೆಯದನ್ನು ಮೊದಲು ಕ್ಯಾನ್ಸಲ್ ಮಾಡಿಸಿದ್ದರೆ ಕೈಯಲ್ಲಿದ್ದ ಲೋಯರ್ ಬರ್ತೂ ಹೋಗುತ್ತಿತ್ತು, ಹೊಸದೂ ಇರುತ್ತಿರಲಿಲ್ಲ. ರಿಯಾಯಿತಿ ಪತ್ರ ಬರ್ತ್ ಕೊಡಿಸುವುದಿಲ್ಲ, ದರ ಮಾತ್ರ ಇಳಿಸುತ್ತದೆ. ತತ್ಕಾಲ್‌ಗೆ ಹೋದರೆ ರಿಯಾಯಿತಿಯೇ ಇಲ್ಲ. ‘ಹಾಗಾದ್ರ ಬ್ಯಾಡ ಬಿಡ್ರಿ’ ಅಂತ ಹುಡುಗ ಕಾಗದ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದ್ದ.

ಆಗ ಆಕೆ ಕೇಳಿದ್ದು: ‘ಥರ್ಡ್ ಎಸಿ ಇದೆ, ಹಾಕ್ಲಾ?’

‘ಎಸಿ ನಮಗೆಲ್ಲಿ ಮೇಡಂ.’

‘ರೇಟ್ ಕೇಳಪ್ಪ ಮೊದ್ಲು.’

ಕ್ಯಾನ್ಸರ್ ರೋಗಿಗಳ ನಿಯಮ ಬೇರೆಯವರದ್ದಕ್ಕಿಂತ ಉದಾರ. ಚಿಕಿತ್ಸೆಗೆ ಅಥವಾ ಚೆಕಪ್‌ಗೆ ಓಡಾಡುವಾಗ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ 100, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಎಸಿ ಚೇರ್ ಕಾರಿನಲ್ಲಿ ಶೇ 75, ಸೆಕೆಂಡ್ ಎಸಿ, ಫಸ್ಟ್ ಎಸಿಯಲ್ಲಿ ಶೇ 50. ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಉಂಟು. ಸ್ಲೀಪರ್, ಥರ್ಡ್ ಎಸಿಯಲ್ಲಿ ಮಾತ್ರ ಅವರಿಗೆ 100ರ ಬದಲು 75, ಉಳಿದದ್ದೆಲ್ಲ ರೋಗಿಯಷ್ಟೇ. ಕಡಿತ ಆಗುವುದು ಮೂಲ ದರದಲ್ಲಿ. ಮೀಸಲಾತಿ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕ ಎಲ್ಲರೂ ಕೊಡಲೇಬೇಕು. ಹಂಪಿ ಎಕ್ಸ್‌ಪ್ರೆಸ್ಸಿನ ನಂಬರ್ 165ರಿಂದ ಶುರು, ಅಂದರೆ ಸೂಪರ್‌ಫಾಸ್ಟ್ ಅಲ್ಲ, ಆ ಖರ್ಚು ಉಳಿಯಿತು. 12 ಅಥವಾ 22ರಿಂದ ಶುರುವಾಗುವ ನಂಬರ್ ಆಗಿದ್ದರೆ ಸ್ಲೀಪರಿಗೆ 30, ಥರ್ಡ್ ಎಸಿಗೆ 45 ಜಾಸ್ತಿ ಆಗುತ್ತಿತ್ತು.

ಈಗ ಥರ್ಡ್ ಎಸಿ. ತಾಯಿಗೆ ಮೂಲ ದರ ಸೊನ್ನೆ, ಮೀಸಲಾತಿ ಶುಲ್ಕ 40. ಮಗಳಿಗೆ 800ರಲ್ಲಿ ಕಾಲು ಭಾಗ, ಅಂದರೆ 200, ಅದರ ಮೇಲೆ 40. ಒಟ್ಟು 280. ಎಸಿ ಆದ್ದರಿಂದ ಶೇ 5 ಜಿಎಸ್‌ಟಿ. ಎಲ್ಲ ಸೇರಿ 295ರ ಆಸುಪಾಸು. ಕ್ಯಾನ್ಸಲ್ ಮಾಡಿದ್ದರಲ್ಲಿ ಹೋದ 240 ಸೇರಿಸಿದರೂ 535. ಮೊದಲ ಸಂಜೆ ಫ್ಯಾನ್ ಕೆಳಗಿನ ಎರಡು ಬರ್ತಿಗೆ ಕೊಟ್ಟದ್ದಕ್ಕಿಂತ ನೂರು ರೂಪಾಯಿ ಕಡಿಮೆ. ಮೊದಲೇ ಪತ್ರ ಇದ್ದು ಸ್ಲೀಪರೇ ತಗೊಂಡಿದ್ದರೆ 115 ರೂಪಾಯಿಗೆ ಮುಗಿಯುತ್ತಿತ್ತು, ಅದು ನಿಜ. ಆದರೆ ಚಿಕಿತ್ಸೆಯಿಂದ ಸೋತ ಮೈಗೆ ಧೂಳು ಕಡಿಮೆ, ನೂಕುನುಗ್ಗಲು ಕಡಿಮೆ, ಹಾಸಲು ಹೊದೆಯಲು ಬೋಗಿಯಲ್ಲೇ ಕೊಡುತ್ತಾರೆ. 180 ರೂಪಾಯಿಯ ವ್ಯತ್ಯಾಸಕ್ಕೆ ಇದು ದೊಡ್ಡ ಲಾಭ ಅಂತ ನಾನು ಹೇಳುತ್ತೇನೆ. ಇನ್ನೂ ಮೇಲೆ, ಸೆಕೆಂಡ್ ಎಸಿಗೆ ಹೋದರೆ ಮಾತ್ರ ಲೆಕ್ಕ ಕೆಡುತ್ತದೆ. ಅಲ್ಲಿ ಇಬ್ಬರೂ ಅರ್ಧ ದರ ಕೊಡಬೇಕು.

ಎಲ್ಲ ಕಾಯಿಲೆಗೂ ಈ ಲೆಕ್ಕ ಹೊಂದುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೃದಯದ ಆಪರೇಷನ್‌ಗೆ, ಕಿಡ್ನಿ ಕಸಿಗೆ, ಡಯಾಲಿಸಿಸ್‌ಗೆ ಹೋಗುವವರಿಗೆ, ಜೊತೆಯವರಿಗೂ ಸೇರಿ, ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ 75. ಅವರಿಗೂ ಇದೇ ದರದಲ್ಲಿ ಥರ್ಡ್ ಎಸಿ 505ರ ಹತ್ತಿರ ಬರುತ್ತದೆ, ಪೂರ್ತಿ ದರದ ಸ್ಲೀಪರಿಗಿಂತ ಕಡಿಮೆಯೇ. ಕ್ಷಯ ರೋಗಿಗಳಿಗೆ ಶೇ 75 ಇದ್ದರೂ ಎಸಿ ಇಲ್ಲ. ಏಡ್ಸ್ ಇರುವವರಿಗೆ ಸೆಕೆಂಡ್ ಕ್ಲಾಸಿನಲ್ಲಿ ಮಾತ್ರ, ಅದೂ ಅರ್ಧ. ಯಾರು ಯಾಕೆ ಹೀಗೆ ಪಂಕ್ತಿಭೇದ ಮಾಡಿದರೋ!

ಒಂದು ಎಚ್ಚರ. ರಿಯಾಯಿತಿಯಲ್ಲಿ ಸ್ಲೀಪರ್ ತಗೊಂಡು ಆಮೇಲೆ ಉಳಿದ ದುಡ್ಡು ಕಟ್ಟಿ ಎಸಿಗೆ ಹೋಗುತ್ತೇನೆ ಅಂದರೆ ಬಿಡುವುದಿಲ್ಲ. ಕ್ಲಾಸ್ ಯಾವುದು ಅಂತ ಕಿಟಕಿಯಲ್ಲೇ ತೀರ್ಮಾನ ಆಗಬೇಕು.

ಗಾಜಿನ ಆಚೆ ಕೂತವರು

ಆ ಕ್ಲರ್ಕ್ ಮಾಡಿದ ಇನ್ನೊಂದು ಕೆಲಸ ಹುಡುಗನಿಗೆ ಆಗ ಗೊತ್ತಾಗಲಿಲ್ಲ. ಹೊಸ ಟಿಕೆಟ್ ಮೊದಲು ತೆಗೆದರು, ಬರ್ತ್ ನಂಬರ್ ಬಂದದ್ದನ್ನು ನೋಡಿದರು, ಆಮೇಲೆ ಹಳೆಯದನ್ನು ರದ್ದು ಮಾಡಿದರು. ಎರಡಕ್ಕೂ ಬೇರೆ ಬೇರೆ ಫಾರಂ ಬರೆಸಿಕೊಂಡರು. ಹೊಸ ಫಾರಂನಲ್ಲಿ ರಿಯಾಯಿತಿಯ ಜಾಗ ಖಾಲಿ ಇತ್ತು, ತಾವೇ ಬೆರಳಿಟ್ಟು ತೋರಿಸಿ ಬರೆಸಿದರು. ಪತ್ರದಲ್ಲಿನ ಹೆಸರು, ಆಧಾರ್‌ನ ಹೆಸರು, ಫಾರಂನ ಹೆಸರು ಮೂರನ್ನೂ ಸಾಲಾಗಿ ಇಟ್ಟು ನೋಡಿದರು. ತಾಯಿ ಮಗಳು ಇಬ್ಬರನ್ನೂ ಒಂದೇ ಟಿಕೆಟ್‌ನಲ್ಲಿ ಹಾಕಿದರು.

ಇಷ್ಟು ಎಚ್ಚರಕ್ಕೆ ಒಂದು ಕಾರಣ ಇದೆ, ಹೊರಗೆ ನಿಂತವರಿಗೆ ಅದು ಕಾಣುವುದಿಲ್ಲ. ತಪ್ಪಾಗಿ ರಿಯಾಯಿತಿ ಕೊಟ್ಟದ್ದು ಲೆಕ್ಕ ತಪಾಸಣೆಯಲ್ಲಿ ಸಿಕ್ಕರೆ ಆ ಮೊತ್ತ ಕ್ಲರ್ಕಿನ ಮೇಲೇ ಬರುತ್ತದೆ. ಪಾಳಿ ಮುಗಿದಾಗ ನಗದು ಕಡಿಮೆ ಬಿದ್ದರೂ ಅವರದೇ ಕೈಯಿಂದ. ಹಾಗಾಗಿ ಸಾಲು ಉದ್ದ ಇರುವಾಗ, ಅನುಮಾನ ಬಂದಾಗ, ‘ಇಲ್ಲ’ ಅನ್ನುವುದು ಅವರಿಗೆ ಸುರಕ್ಷಿತ ಉತ್ತರ. ಇದನ್ನು ಒಪ್ಪುತ್ತೇನೆ ಅಂತಲ್ಲ. ಆದರೆ ಸಂಜೆಯವರು ಒರಟರು, ಬೆಳಗಿನವರು ಒಳ್ಳೆಯವರು ಅಂತ ಬರೆದರೆ ಪ್ರಕರಣ ಅರ್ಥವಾಗುವುದಿಲ್ಲ. ಸಂಜೆಯವರ ಮುಂದೆ ಮೆಮು ಹಿಡಿಯುವ ಜನ ಇದ್ದರು, ಪತ್ರ ಇರಲಿಲ್ಲ, ಕಾಯಿಲೆಯ ಮಾತೂ ಬರಲಿಲ್ಲ.

ಅಂಗವಿಕಲರು, ಹಿರಿಯರು, ಹೆಂಗಸರು ಮೊದಲಾದವರಿಗೆ ಪ್ರತ್ಯೇಕ ರಿಸರ್ವೇಷನ್ ಕೌಂಟರ್ ಇಡುವ ನಿಯಮವೂ ರೈಲ್ವೆಯಲ್ಲಿ ಇದೆ. ಆದರೆ ಅದಕ್ಕೆ ಒಂದು ಪಾಳಿಗೆ ಸರಾಸರಿ 120 ಟಿಕೆಟ್‌ನಷ್ಟು ಬೇಡಿಕೆ ಇರಬೇಕು. ಒಂದೇ ಕಿಟಕಿಯ ನಿಲ್ದಾಣಕ್ಕೆ ಇದು ಎಲ್ಲಿಂದ ಬರಬೇಕು?

ಹೀಗಿರುವಾಗ ಈ ಕುಟುಂಬದಂಥವರಿಗೆ ಹೊಂದುವುದು ದೊಡ್ಡ ನಿಲ್ದಾಣದ ರಿಸರ್ವೇಷನ್ ಹಾಲ್. ದೂರ ಆಗಬಹುದು, ಆದರೆ ಅಲ್ಲಿ ಹಿಂದೆ ನಿಂತವರಿಗೂ ಐದು ನಿಮಿಷದಲ್ಲಿ ಹತ್ತಬೇಕಾದ ಗಾಡಿ ಇರುವುದಿಲ್ಲ. ದೇಶದ ಯಾವ ಪಿಆರ್‌ಎಸ್ ಕೌಂಟರಿನಲ್ಲಾದರೂ ಯಾವ ಊರಿನಿಂದ ಯಾವ ಊರಿಗಾದರೂ ಟಿಕೆಟ್ ಸಿಗುತ್ತದೆ, ಹತ್ತಿರದ್ದೇ ಆಗಬೇಕು ಅಂತಿಲ್ಲ. ಹತ್ತಿರದ ಸಣ್ಣ ನಿಲ್ದಾಣಕ್ಕೇ ಹೋಗುವುದಾದರೆ ಮೆಮು ಹೋದ ನಂತರದ ಹೊತ್ತು ನೋಡಿಕೊಳ್ಳಬೇಕು. ಕಿಟಕಿ ಮುಟ್ಟಿದ ತಕ್ಷಣ, ಬಾಯಿ ತೆರೆಯುವ ಮುಂಚೆ, ಆಸ್ಪತ್ರೆಯ ಪತ್ರವನ್ನೇ ಮೊದಲು ಒಳಗೆ ಇಡುವುದು ವಾಸಿ. ಕಾಯಿಲೆಯ ಹೆಸರು ಕೂಗಿ ಹೇಳುವ ಕಷ್ಟವೂ ತಪ್ಪುತ್ತದೆ. ಪತ್ರದ ಜೆರಾಕ್ಸ್ ಎರಡು ಮೂರು ಇರಲಿ, ಕ್ಲರ್ಕ್ ಯಾವುದನ್ನು ಇಟ್ಟುಕೊಳ್ಳುತ್ತಾರೆ ಅಂತ ಕೇಳಿಯೇ ಹೊರಡಬೇಕು.

ಬಗೆಹರಿಯದೆ ಉಳಿದದ್ದು

ಇಲ್ಲಿಯವರೆಗೆ ಹೇಳಿದ್ದು ಊರಿಗೆ ವಾಪಸ್ ಹೋಗುವ ಪ್ರಯಾಣದ ಕಥೆ. ಕೊಪ್ಪಳದಿಂದ ಬರುವಾಗ ಏನು ಮಾಡಿದ್ದರು? ಪೂರ್ತಿ ದರ ಕೊಟ್ಟೇ ಬಂದಿದ್ದರು. ಪತ್ರ ಕೊಡುವ ಆಸ್ಪತ್ರೆ ಬೆಂಗಳೂರಿನಲ್ಲಿ, ಪತ್ರ ಬೇಕಾದದ್ದು ಊರು ಬಿಡುವ ಮುಂಚೆ. ಮುಂದಿನ ಚೆಕಪ್ ಮೂರು ತಿಂಗಳ ನಂತರ. ರೈಲು ಬುಕಿಂಗ್ ತೆರೆಯುವುದು 60 ದಿನ ಮುಂಚೆ, 2024ರ ನವೆಂಬರ್ 1ರಿಂದ ಹಾಗಾಗಿದೆ, ಮೊದಲು 120 ದಿನ ಇತ್ತು. ಅಂದರೆ ಈ ಸಲ ಬೆಂಗಳೂರಿನಲ್ಲಿ ಇರುವಾಗಲೇ ಮುಂದಿನ ಸಲದ ಟಿಕೆಟ್ ಮಾಡಿಸಿಕೊಂಡು ಹೋಗೋಣ ಅಂದರೆ ಬುಕಿಂಗೇ ತೆರೆದಿರುವುದಿಲ್ಲ. 120 ದಿನದ ಕಾಲದಲ್ಲಿ ಅದು ಆಗುತ್ತಿತ್ತು.

ಮಗಳು ಸಮಾಜ ಕಾರ್ಯಕರ್ತರ ಕೋಣೆಗೆ ಮತ್ತೆ ಹೋಗಿ, ಮುಂದಿನ ತಾರೀಕಿಗೆ ಕೊಪ್ಪಳದಿಂದ ಬೆಂಗಳೂರಿಗೆ ಬರಲು ಇನ್ನೊಂದು ಪತ್ರ ಬರೆದುಕೊಡುತ್ತೀರಾ ಅಂತ ಕೇಳಿದಳು. ಡಾಕ್ಟರು ತಾರೀಕು ಖಚಿತ ಮಾಡಿದ ಮೇಲೆ ನೋಡೋಣ, ಫೋನ್ ಮಾಡಿ ಅಂದರು. ನಂಬರ್ ಬರೆದುಕೊಂಡು ಬಂದಿದ್ದಾಳೆ. ಪತ್ರ ಸಿಕ್ಕರೆ ಕೊಪ್ಪಳದ ಕೌಂಟರಿನಲ್ಲಿ ಥರ್ಡ್ ಎಸಿಯನ್ನೇ ಕೇಳುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ.